ಧನ್ಯಾಳಿಗೂ ಒಂದು ಶಿಕ್ಷೆ

ಒಂಬತ್ತನೇ ಕ್ಲಾಸಿನ ಧನ್ಯಾಳ ಮನೆಯಲ್ಲಿ ಯಾವುದಕ್ಕೆ ಬರವಿದ್ದರೂ ಶಾಲುಗಳಿಗೆ ಬರವಿರಲಿಲ್ಲ. ಸ್ವಾತಂತ್ರ್ಯ ದಿನಕ್ಕೆ ಒಂದು ಶಾಲು, ರಾಜ್ಯೋತ್ಸವಕ್ಕೆ ಇನ್ನೊಂದು, ಶಾಲೆಯ ವಾರ್ಷಿಕೋತ್ಸವಕ್ಕೆ ಶಾಲಿನ ಜೊತೆಗೆ ಮೈಸೂರು ಪೇಟ ಮತ್ತು ಹಣ್ಣಿನ ಬುಟ್ಟಿ. ಹಣ್ಣನ್ನು ಮನೆಯವರು ತಿಂದರು. ಪೇಟದಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಶಾಲುಗಳನ್ನು ಅಜ್ಜಿ ಪುಟ್ಟತಾಯಮ್ಮ ಒಂದೊಂದಾಗಿ ಕೊಟ್ಟಿಗೆಗೆ ಸಾಗಿಸಿದಳು. ಇಡೀ ಹೊಳೆನರಸೀಪುರದಲ್ಲಿ ಜರಿಯಂಚಿನ ಶಾಲು ಹೊದ್ದು ಮಲಗುವ ಕರು ಇದ್ದದ್ದು ಅವರ ಮನೆಯಲ್ಲಿ ಮಾತ್ರ.

ಇಷ್ಟೊಂದು ಸನ್ಮಾನ ಮಾಡಿಸಿಕೊಳ್ಳಲು ಧನ್ಯಾ ಮಾಡಿದ ಘನಕಾರ್ಯ ಏನು ಎಂದು ಕೇಳಿದರೆ ಏನೂ ಇಲ್ಲ. ಹುಟ್ಟಿನಿಂದ ಅವಳ ಕಾಲುಗಳಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದಳು. ಅಷ್ಟೇ ಸಾಕಾಗಿತ್ತು ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹ ಅವರಿಗೆ. ದೇವಸ್ಥಾನದ ಬೀದಿಯ ಮೇಷ್ಟ್ರು ಅವರು, ಬೆಣ್ಣೆಯಂಥ ಮನಸ್ಸು, ಬೆಳಗಿನ ಪ್ರಾರ್ಥನೆ ಸ್ವಲ್ಪ ರಾಗವಾಗಿ ಬಂದರೆ ಸಾಕು, ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೊಂದು ಕನಸಿತ್ತು. ಯಾವ ಮಗುವೂ ಹೊರಗುಳಿಯಬಾರದು, ತಮ್ಮ ಶಾಲೆ ಎಲ್ಲರ ಶಾಲೆಯಾಗಬೇಕು ಎಂದು. ಅದಕ್ಕೊಂದು ಯೋಜನೆ ಹಾಕಿಕೊಂಡರು, ಸಮಿತಿ ಮಾಡಿದರು, ಕಾಂಪೌಂಡಿನ ಗೋಡೆಗೆ 'ಎಲ್ಲರ ಶಾಲೆ' ಎಂದು ನೀಲಿ ಬಣ್ಣದಲ್ಲಿ ಬರೆಸಿದರು. ಮುಂದಿನ ಜಗಲಿಯೇ ಶಾಲೆಯ ವೇದಿಕೆಯಾದ್ದರಿಂದ ಅದಕ್ಕೊಂದು ಸಿಮೆಂಟಿನ ಇಳಿಜಾರು ಕಟ್ಟಿಸಿದರು. ಸನ್ಮಾನ ಮಾಡಿಸಿಕೊಳ್ಳಲು ಧನ್ಯಾ ವೇದಿಕೆ ಹತ್ತಬೇಕಲ್ಲ. ಕೊನೆಗೆ ಎಲ್ಲ ಟೀಚರುಗಳನ್ನೂ ಕೂರಿಸಿಕೊಂಡು, ಆ ಮಗುವಿನ ಮನಸ್ಸಿಗೆ ನೋವಾಗುವ ಒಂದು ಮಾತೂ ಯಾರ ಬಾಯಿಂದಲೂ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಧನ್ಯಾಳ ಕಷ್ಟ ಶುರುವಾದದ್ದೇ ಅಲ್ಲಿಂದ.

ಆ ಶಾಲೆಯಲ್ಲಿ ತಪ್ಪು ಮಾಡಿದವರಿಗೆ ಒಂದು ವಿಶೇಷವಾದ ಶಿಕ್ಷೆಯಿತ್ತು. ಮಕ್ಕಳನ್ನು ಹೊಡೆಯುವುದು ಕಾನೂನಿಗೆ ವಿರುದ್ಧವಾದ ಮೇಲೆ ಮೇಷ್ಟ್ರು ತಲೆ ಓಡಿಸಿ, ಹಿತ್ತಲಿನ ತೆಂಗಿನ ಸಸಿಗಳಿಗೆ ನೀರು ಹೊರುವ ಶಿಕ್ಷೆ ಕಂಡುಹಿಡಿದಿದ್ದರು. ಹೋಂವರ್ಕ್ ಮಾಡದವರು, ಬೆಂಚಿನ ಮೇಲೆ ಹೆಸರು ಕೆತ್ತಿದವರು, ತರಗತಿಯಲ್ಲಿ ಗೊರಕೆ ಹೊಡೆದವರು, ಎಲ್ಲರೂ ಕೊನೆಯ ಪೀರಿಯಡ್ಡಿಗೆ ಬಿಂದಿಗೆ ಹಿಡಿದು ಹಿತ್ತಲಿಗೆ ಇಳಿಯಬೇಕು. ಮೇಷ್ಟ್ರ ಪ್ರಕಾರ ಅದು ಪಶ್ಚಾತ್ತಾಪ ಪಡುವ ಜಾಗ. ಮಕ್ಕಳ ಪ್ರಕಾರ ಇಡೀ ಶಾಲೆಯಲ್ಲಿ ಅಷ್ಟು ಸುಖದ ಜಾಗ ಮತ್ತೊಂದಿರಲಿಲ್ಲ. ಅಲ್ಲಿ ಪಕ್ಕದ ತೋಟದ ಸೀಬೆಮರ ಬೇಲಿ ದಾಟಿ ಬಾಗಿತ್ತು. ಹೊಳೆ ಕಡೆಯ ಗಾಳಿ ಬೀಸುತ್ತಿತ್ತು. ಟೀಚರುಗಳ ನಡಿಗೆಯನ್ನು ಅಣಕಿಸಿ ತೋರಿಸುವುದು, ಗುಟ್ಟುಗಳನ್ನು ಹಂಚಿಕೊಳ್ಳುವುದು, ಜಗಳವಾಡಿ ರಾಜಿಯಾಗುವುದು ಎಲ್ಲ ಅಲ್ಲೇ ನಡೆಯುತ್ತಿತ್ತು. ಧನ್ಯಾ ಆ ಹಿತ್ತಲನ್ನು ಮೆಟ್ಟಿಲಿನ ಮೇಲಿನಿಂದ ನೋಡಿದ್ದಳೇ ಹೊರತು ಒಮ್ಮೆಯೂ ಇಳಿದಿರಲಿಲ್ಲ.

ಇಳಿದವಳು ನಿಧಿ. ಎದುರು ಮನೆಯ ನಿಧಿ ಧನ್ಯಾಳಿಗೆ ಅಂಗನವಾಡಿಯಿಂದಲೂ ಜೊತೆಗಾತಿ. ದಿನಾ ಬೆಳಿಗ್ಗೆ ಗಾಲಿಕುರ್ಚಿ ತಳ್ಳಿಕೊಂಡು ಶಾಲೆಗೆ ಕರೆತರುವವಳು ಅವಳೇ. ಖೋ ಖೋದಲ್ಲಿ ಗಾಳಿಯ ಹಾಗೆ ಓಡುತ್ತಿದ್ದಳು, ಹೋಂವರ್ಕ್ ಎಂದರೆ ಅದಕ್ಕಿಂತ ಜೋರಾಗಿ ಓಡುತ್ತಿದ್ದಳು. ಹಾಗಾಗಿ ವಾರದಲ್ಲಿ ಹೆಚ್ಚಿನ ದಿನ ಅವಳ ವಾಸ ಹಿತ್ತಲಿನಲ್ಲೇ. ಈಚೆಗೆ ಸಂಜೆ ಮನೆಗೆ ಹೋಗುವಾಗ ಅವಳ ಬಾಯಲ್ಲಿ ಬರೀ ಹಿತ್ತಲಿನ ಕಥೆ. ಅರ್ಧ ಹೇಳುವಳು, ತಾನೇ ನಕ್ಕು ಸುಸ್ತಾಗುವಳು, ಧನ್ಯಾ "ಆಮೇಲೇನಾಯ್ತೇ" ಎಂದರೆ, "ಅದು ಯೋಳಿದ್ರೆ ಗೊತ್ತಾಗಲ್ಲ ಕಣೆ, ನೀನ್ ಅಲ್ಲಿರಬೇಕಿತ್ತು" ಎಂದು ಮಾತು ಮುಗಿಸುವಳು. ಅವಳೇನೂ ಚುಚ್ಚಬೇಕೆಂದು ಹಾಗೆ ಹೇಳುತ್ತಿರಲಿಲ್ಲ. ಆದರೆ ಧನ್ಯಾಳಿಗೆ ಚುಚ್ಚುತ್ತಿತ್ತು. ಇದ್ದ ಒಬ್ಬ ಗೆಳತಿ ತನ್ನನ್ನು ಬಿಟ್ಟು ಬೇರೊಂದು ಊರಿಗೆ ಹೋಗಿಬಿಟ್ಟಳೇನೋ ಅನ್ನಿಸುತ್ತಿತ್ತು.

ಆದದ್ದಾಗಲಿ, ಒಂದು ಶಿಕ್ಷೆ ಸಂಪಾದಿಸಲೇಬೇಕು ಎಂದು ಅವಳು ಹಟ ತೊಟ್ಟಳು. ಮೆಟ್ಟಿಲು ಇಳಿಯುವುದು ಹೇಗೆ ಎಂಬ ಚಿಂತೆ ಶಿಕ್ಷೆ ಸಿಕ್ಕ ಮೇಲಿನ ಮಾತು.

ಮೊದಲು ಗಣಿತದ ಹೋಂವರ್ಕ್ ಬಿಟ್ಟಳು. ಗಣಿತ ಕಲಿಸುತ್ತಿದ್ದ ಹಂಸ ಮಿಸ್ ಸಾಮಾನ್ಯರಲ್ಲ, ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ದೊಡ್ಡ ದೊಡ್ಡ ಪುಂಡರೂ ಮಗ್ಗಿ ಒಪ್ಪಿಸುತ್ತಿದ್ದರು. ಅಂಥವರು ಧನ್ಯಾಳ ಖಾಲಿ ಪುಟವನ್ನು ನೋಡಿ, ಕೆಂಪು ಪೆನ್ನು ತೆಗೆದು, 'ಗುಡ್' ಎಂದು ಬರೆದು ಪಕ್ಕದಲ್ಲೊಂದು ನಕ್ಷತ್ರ ಹಾಕಿದರು.

"ಮಿಸ್, ನಾನು ಬೇಕೂಂತ್ಲೇ ಮಾಡಿಲ್ಲ" ಎಂದಳು ಧನ್ಯಾ.

"ನೋಡ್ರೋ, ಎಂಥಾ ಪ್ರಾಮಾಣಿಕತೆ. ಇವಳಿಂದ ಕಲೀರಿ" ಎಂದು ಹಂಸ ಮಿಸ್ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು.

ಮರುದಿನ ಬಸ್‌ಸ್ಟ್ಯಾಂಡಿನ ಬಿಸಿ ಕಡ್ಲೆಕಾಯಿ ತರಿಸಿಕೊಂಡು, ಪಾಠ ನಡೆಯುತ್ತಿರುವಾಗಲೇ ಪಟಪಟ ಒಡೆದು ತಿಂದು ಸಿಪ್ಪೆಯನ್ನು ನೆಲದ ಮೇಲೆಲ್ಲ ಚೆಲ್ಲಿದಳು. ಹಂಸ ಮಿಸ್ ಬಂದರು, ಬಗ್ಗಿ ತಾವೇ ಸಿಪ್ಪೆ ಆರಿಸಿದರು. "ನಿಧಾನಕ್ಕೆ ತಿನ್ನಮ್ಮ, ಗಂಟಲಿಗೆ ಸಿಕ್ಕೀತು" ಎಂದರು. ಹಿಂದಿನ ಬೆಂಚಿನ ಕೀರ್ತಿರಾಜ್ ಅವಳಿಂದ ಎರಡು ಕಾಳು ಈಸಿಕೊಂಡು ಬಾಯಿಗೆ ಹಾಕಿಕೊಂಡಿದ್ದ. ಅವನನ್ನು ಹಿತ್ತಲಿಗೆ ಕಳಿಸಿದರು. ಕೀರ್ತಿರಾಜ್ ಹಲ್ಲು ಕಿರಿಯುತ್ತಾ ಹೋದ. ಧನ್ಯಾಳಿಗೆ ಅಳು ಬಂತು.

ಇನ್ನು ಚಿಲ್ಲರೆ ತಪ್ಪುಗಳಿಂದ ಪ್ರಯೋಜನವಿಲ್ಲ, ದೊಡ್ಡದಕ್ಕೇ ಕೈಹಾಕಬೇಕು ಎಂದುಕೊಂಡಳು. ಶಾಲೆಯ ಗಂಟೆ ಎಂದರೆ ಜಗಲಿಯ ತೊಲೆಗೆ ನೇತುಹಾಕಿದ ಒಂದು ರೈಲುಹಳಿಯ ತುಂಡು. ಪಕ್ಕದ ಕಿಟಕಿಯಲ್ಲಿ ಬಾರಿಸುವ ಕಬ್ಬಿಣದ ಸರಳು. ಅಟೆಂಡರ್ ಚಲುವಯ್ಯನ ಹೊರತು ಅದನ್ನು ಯಾರೂ ಮುಟ್ಟುವಂತಿಲ್ಲ. ಆ ಬುಧವಾರ ಚಲುವಯ್ಯ ಪೋಸ್ಟಾಫೀಸಿಗೆ ಹೋಗಿದ್ದ. ಧನ್ಯಾ, ನೀರು ಕುಡಿಯಬೇಕು ಎಂದು ಕೇಳಿ ನಿಧಿಯನ್ನು ಜೊತೆಗೆ ಕರೆದುಕೊಂಡು ಹೊರಗೆ ಬಂದಳು. ಜಗಲಿಗೆ ತಳ್ಳು ಎಂದಳು. ನಿಧಿ ಏದುಸಿರು ಬಿಡುತ್ತಾ ಇಳಿಜಾರಿನ ಮೇಲೆ ಕುರ್ಚಿ ತಳ್ಳಿ, ಸುಧಾರಿಸಿಕೊಳ್ಳುವಷ್ಟರಲ್ಲಿ ಧನ್ಯಾ ಸರಳು ಹಿಡಿದು ಊಟದ ಗಂಟೆ ಬಾರಿಸಿಬಿಟ್ಟಳು.

ಪಾಠ ಅರ್ಧಕ್ಕೇ ನಿಂತಿತು. ಮಕ್ಕಳು ತಟ್ಟೆ ಹಿಡಿದು ಅಡುಗೆಮನೆಯ ಕಡೆ ನುಗ್ಗಿದರು. ಅಲ್ಲಿ ಅಕ್ಕಿ ಇನ್ನೂ ನೀರಿನಲ್ಲಿ ನೆನೆಯುತ್ತಿತ್ತು. ಅಡುಗೆಯ ಗಂಗಾಂಬಿಕೆ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು, ಹಿಂದಿನವರು ಮುಂದಿನವರನ್ನು ದೂಕಿದರು, ಸಾರಿಗೆ ಹೆಚ್ಚಿಟ್ಟಿದ್ದ ತರಕಾರಿ ನೆಲದ ಪಾಲಾಯಿತು.

ವಿಚಾರಣೆ ನಡೆದದ್ದು ಜಗಲಿಯ ಮೇಲೆಯೇ, ಇಡೀ ಶಾಲೆಯ ಎದುರಿಗೆ. ಧನ್ಯಾ ಯಾರೂ ಕೇಳುವ ಮೊದಲೇ ಕೈಯೆತ್ತಿದಳು.

"ಸಾ, ನಾನೇ ಬಾರಿಸ್ದೆ. ನಿಧಿಗೇನೂ ಗೊತ್ತಿಲ್ಲ."

ಲಕ್ಷ್ಮೀನರಸಿಂಹ ಮೇಷ್ಟ್ರು ಧನ್ಯಾಳನ್ನು ನೋಡಿದರು, ಪಕ್ಕದಲ್ಲಿ ನಿಂತಿದ್ದ ನಿಧಿಯನ್ನು ನೋಡಿದರು. ಶಿಕ್ಷೆಯ ಇತಿಹಾಸ ಬೆನ್ನಿಗಂಟಿಸಿಕೊಂಡೇ ಓಡಾಡುವ ನಿಧಿ. ಮೇಷ್ಟ್ರ ಕಣ್ಣು ತುಂಬಿಬಂತು.

"ನೋಡಿದಿರಾ ಮಕ್ಕಳೇ? ಗೆಳತಿಯ ತಪ್ಪನ್ನ ತನ್ನ ತಲೆ ಮೇಲೆ ಹೊತ್ತುಕೊಳ್ತಿದೆ ಈ ಮಗು. ಇಂಥ ಮನಸ್ಸು ನಮ್ಮಲ್ಲಿ ಎಷ್ಟು ಜನಕ್ಕಿದೆ? ಶುಕ್ರವಾರ ಹಾಸನದಿಂದ ಶಿಕ್ಷಣ ಇಲಾಖೆ ಸಾಹೇಬರು ನಮ್ಮ ಯೋಜನೆ ನೋಡೋಕೆ ಬರ್ತಾರೆ. ಅವರ ಕೈಯಿಂದಲೇ ಧನ್ಯಾಗೆ ಸನ್ಮಾನ." ಆಮೇಲೆ ದನಿ ಗಡುಸು ಮಾಡಿಕೊಂಡು, "ನಿಧಿ, ಇಷ್ಟು ದಿನ ನೀರು ಹೊತ್ತು ನಿನಗೆ ಬುದ್ಧಿ ಬಂದಿಲ್ಲ. ಶನಿವಾರ ಚನ್ನರಾಯಪಟ್ಟಣದ ಖೋ ಖೋ ಪಂದ್ಯಕ್ಕೆ ನೀನು ಹೋಗೋ ಹಾಗಿಲ್ಲ" ಎಂದರು.

ಮಳೆಗಾಲದಿಂದಲೂ ನಿಧಿ ಆ ಪಂದ್ಯಕ್ಕಾಗಿಯೇ ಮೈ ಮುರಿದು ಅಭ್ಯಾಸ ಮಾಡಿದ್ದಳು. ಸಂಜೆ ಎಂದಿನಂತೆ ಗಾಲಿಕುರ್ಚಿ ತಳ್ಳಿಕೊಂಡು ಬಂದಳು, ಆದರೆ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಧನ್ಯಾ ಗೋಗರೆದಳು. ಮನೆ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿದ ಮೇಲೆ ನಿಧಿ ಬಾಯಿ ಬಿಟ್ಟಳು.

"ನೀನೇನ್ ಮಾಡಿದ್ರೂ ನಿಂಗೆ ಶಾಲು, ನಂಗೆ ಬೈಗ್ಳು. ನಿನ್ ಸಾವಾಸ ಸಾಕು ಕಣೆ. ನಾಳೆಯಿಂದ ಬೇರೆ ಯಾರಾರ್ನ ನೋಡ್ಕೊ."

ಮರುದಿನ ಅವಳು ಬರಲೇ ಇಲ್ಲ. ಅಪ್ಪ ಮಂಜುನಾಥ ಎಳನೀರಿನ ಗೂಡ್ಸ್ ಆಟೋದಲ್ಲಿ, ಗೊನೆಗಳ ನಡುವೆ ಮಗಳನ್ನು ಕೂರಿಸಿಕೊಂಡು ಹೋಗಿ ಶಾಲೆಗೆ ಬಿಟ್ಟ. ಧನ್ಯಾ ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಗಂಟೆ ಬಾರಿಸಿದ್ದು ತಾನೇ ಎಂದು ತಾಯಾಣೆ ಹಾಕಿದಳು. ಮೇಷ್ಟ್ರು ಅವಳ ತಲೆ ಸವರಿ, ಇದೇ ನಿನ್ನ ದೊಡ್ಡತನ ಎಂದರು. ಹಂಸ ಮಿಸ್ ಹತ್ತಿರ ಹೇಳಿದಳು. ಅವರು ಕರ್ಚೀಫು ಹುಡುಕಿಕೊಂಡರು. ಒಳ್ಳೆಯವರ ಕೈಗೆ ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಆಗ ಅರ್ಥವಾಯಿತು.

ಸಂಜೆ ಕರುವಿಗೆ ಹುಲ್ಲು ಹಾಕುತ್ತಿದ್ದ ಅಜ್ಜಿಯ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಪುಟ್ಟತಾಯಮ್ಮ ಹುಲ್ಲು ಕೆಳಗಿಟ್ಟು ಕೇಳಿದಳು.

"ನೀನೇ ಮಾಡಿದ್ದೂಂತ ಒಬ್ರೂ ನಂಬ್ನಿಲ್ವಾ?"

"ಇಲ್ಲ ಕಣಜ್ಜಿ. ನಾನು ಪಾಪದೋಳಂತೆ. ನಂಗೆ ಅಂಗೆಲ್ಲ ಮಾಡಕ್ ಬರಕ್ಕಿಲ್ವಂತೆ."

"ಅವ್ರ ಮನೆ ಕಾಯ್ವಾಗ. ನಿಮ್ಮಪ್ಪನ ಚಪ್ಲೀನ ಬಾವಿಗೆ ಆಕ್ದೋಳು ನೀನು. ಆ ಕೂಸು ಸುಮ್ಸುಮ್ನೆ ಬೈಸ್ಕೊಂಡೈತೆ, ಅದು ಸರಿಯಿಲ್ಲ. ನಂಬ್ನಿಲ್ಲ ಅಂದ್ರೆ ನಂಬಂಗೆ ಮಾಡು." ಇಷ್ಟು ಹೇಳಿ ಅಜ್ಜಿ ಮತ್ತೆ ಹುಲ್ಲು ಎತ್ತಿಕೊಂಡಳು.

ಶುಕ್ರವಾರ ಬಂತು. ಸಾಹೇಬರ ಹೆಸರು ರಜನೀಶ್. ಹತ್ತು ಗಂಟೆಗೆ ಬರಬೇಕಾದವರು ಮಧ್ಯಾಹ್ನ ಮೀರಿದ ಮೇಲೆ ಬಂದರು. ಮಕ್ಕಳು ಬೆಳಗಿನಿಂದ ಬಿಸಿಲಲ್ಲಿ ಸಾಲಾಗಿ ಕೂತು ಬಾಡಿಹೋಗಿದ್ದರು. ಜಗಲಿಯ ಒಂದು ಭಾಗಕ್ಕೆ ಮರದ ಹಲಗೆ ಜೋಡಿಸಿ, ಮೇಲೆ ಜಮಖಾನ ಹಾಸಿ ವೇದಿಕೆಯನ್ನು ಇನ್ನೂ ಎತ್ತರ ಮಾಡಿದ್ದರು. ಸಾಹೇಬರ ಕುರ್ಚಿ ಆ ಹಲಗೆಗಳ ಮೇಲೆ, ಧನ್ಯಾಳ ಗಾಲಿಕುರ್ಚಿ ಪಕ್ಕದಲ್ಲಿ, ಗಂಟೆಯ ತೊಲೆಯ ಕೆಳಗೆ. ಸಾಹೇಬರು ಶಾಲು ಹೊದಿಸಿದರು, ಪೇಟ ತೊಡಿಸಿದರು, ಮೊಬೈಲಿನಲ್ಲಿ ಫೋಟೋ ಸರಿಯಾಗಿ ಬರಲಿಲ್ಲವೆಂದು ಶಾಲು ತೆಗೆದು ಮತ್ತೊಮ್ಮೆ ಹೊದಿಸಿದರು. ಆಮೇಲೆ ಮೈಕು ಹಿಡಿದರು.

"ಇಂಥ ಮಕ್ಕಳು ದೇವರ ಮಕ್ಕಳು. ಇವರಿಗೆ ಮೋಸ ಗೊತ್ತಿಲ್ಲ, ಕಪಟ ಗೊತ್ತಿಲ್ಲ, ತುಂಟತನ ಅಂದ್ರೇನು ಅನ್ನೋದೇ ಗೊತ್ತಿಲ್ಲ" ಎಂದು ಶುರು ಮಾಡಿದ ಭಾಷಣ ಮುಗಿಯುವ ಲಕ್ಷಣ ತೋರಿಸಲಿಲ್ಲ. ಧನ್ಯಾ ಕೆಳಗೆ ನೋಡಿದಳು. ಸಾಲಿನ ಕೊನೆಯಲ್ಲಿ ನಿಧಿ ಮಂಡಿಯ ಮೇಲೆ ಗಲ್ಲ ಊರಿಕೊಂಡು ಬೇರೆಲ್ಲೋ ನೋಡುತ್ತಿದ್ದಳು. ಅವಳ ಅಕ್ಕಪಕ್ಕದಲ್ಲಿ ನಾಳಿನ ತಂಡದ ಹುಡುಗಿಯರು ಹೊಸ ಜೆರ್ಸಿ ತೊಟ್ಟು ಕೂತಿದ್ದರು. ನಿಧಿಯ ಮೈಮೇಲೆ ಹಳೆಯ ಯೂನಿಫಾರಂ.

ಧನ್ಯಾ ಕಿಟಕಿಗೆ ಕೈಚಾಚಿದಳು. ಸರಳು ಕೈಗೆ ಬಂತು. ಪೇಟ, ಶಾಲು, ಕೊರಳಲ್ಲಿ ಹಾರ, ಇಷ್ಟೆಲ್ಲ ಹೊತ್ತುಕೊಂಡೇ ಅವಳು ತಲೆಯ ಮೇಲಿನ ಹಳಿಗೆ ಬಿಡದೆ ಬಾರಿಸಿದಳು. ಅದು ಊಟದ ಗಂಟೆಯಲ್ಲ, ಮನೆಗೆ ಬಿಡುವ ಉದ್ದನೆಯ ಗಂಟೆ.

ಆ ಗಂಟೆ ಕೇಳಿದ ಮೇಲೆ ಮಕ್ಕಳನ್ನು ತಡೆಯುವುದು ಯಾರ ಕೈಲೂ ಆಗದ ಕೆಲಸ. ಎದ್ದರು, ಬ್ಯಾಗು ಹೆಗಲಿಗೇರಿಸಿದರು, ಹೋ ಎಂದು ಗೇಟಿನ ಕಡೆ ಓಡಿದರು. ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ಬೆನ್ನಟ್ಟಿದ್ದನ್ನು ನೋಡಿ, ತಮ್ಮನ್ನು ಹುರಿದುಂಬಿಸುತ್ತಿದ್ದಾರೆಂದು ಇನ್ನೂ ಜೋರಾಗಿ ಓಡಿದರು. ಚಲುವಯ್ಯ ಅಭ್ಯಾಸಬಲದಿಂದ ಹೋಗಿ ಗೇಟು ತೆರೆದ. ನೋಡುನೋಡುತ್ತಿದ್ದಂತೆ ಮೈದಾನ ಖಾಲಿಯಾಯಿತು. ರಜನೀಶ್ ಸಾಹೇಬರ "ಹಾಗಾಗಿ" ಎಂಬ ಒಂದು ಮಾತು ಮೈಕಿನಲ್ಲಿ ಒಂಟಿಯಾಗಿ ಮೊಳಗಿ ನಿಂತುಹೋಯಿತು. ಅಂಗಳದಲ್ಲಿ ಉಳಿದದ್ದು ಖೋ ಖೋ ತಂಡ ಮತ್ತು ನಿಧಿ. ಅವರಿಗೆ ನಗು ತಡೆಯಲಾಗದೆ ಏಳಲೂ ಆಗಿರಲಿಲ್ಲ.

ಧನ್ಯಾ ಸರಳು ಮಡಿಲಲ್ಲಿಟ್ಟುಕೊಂಡು, ಸಾಹೇಬರ ಕೈಯಿಂದ ಮೈಕು ಈಸಿಕೊಂಡಳು.

"ಬುಧವಾರನೂ ಇಂಗೇ ಬಾರಿಸಿದ್ದು ಸಾ. ನಾನೇ. ನಿಧಿ ಅಲ್ಲ. ಈಗ್ಲಾದ್ರೂ ನಂಬಿ."

ಸಾಹೇಬರೇ ಮೊದಲು ಸಾವರಿಸಿಕೊಂಡರು. "ಹೋಗ್ಲಿ ಬಿಡಿ ಮೇಷ್ಟ್ರೇ. ಪಾಪ, ಏನೂ ತಿಳಿಯದ ಮಗು" ಎಂದರು.

ಲಕ್ಷ್ಮೀನರಸಿಂಹ ಮೇಷ್ಟ್ರ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. ಎರಡು ದಿನದಿಂದ ಆ ಹುಡುಗಿ ತಮ್ಮ ಎದುರು ಹೇಳಿದ್ದೆಲ್ಲ ನಿಜ, ತಾವು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

"ತಿಳಿಯದ ಮಗುವೇ ಸಾರ್? ಇವಳಿಗೆ ಎಲ್ಲಾ ತಿಳಿಯುತ್ತೆ." ಧನ್ಯಾಳ ಕಡೆ ತಿರುಗಿದರು. "ಕತ್ತೆ. ಮಾನ ತೆಗೆದೆಯಲ್ಲೇ. ಹಾಸನದಿಂದ ಬಂದ ದೊಡ್ಡವರ ಮುಂದೆ ಇದಾ ನೀನು ಕಲಿತದ್ದು? ಕಳಚು ಆ ಪೇಟ. ನಡಿ ಹಿತ್ತಲಿಗೆ. ಇವತ್ತೂ ನೀರು ಹಾಕ್ಬೇಕು, ನಾಳೆಯೂ ಹಾಕ್ಬೇಕು. ನಿಧಿ, ನೀನು ಪಂದ್ಯಕ್ಕೆ ಹೊರಡಮ್ಮ. ನನ್ನಿಂದ ತಪ್ಪಾಯ್ತು."

ಆ ಶಾಲೆಯಲ್ಲಿ ಮೇಷ್ಟ್ರ ಬಾಯಿಂದ ಕತ್ತೆ ಎನ್ನಿಸಿಕೊಳ್ಳದೆ ಉಳಿದಿದ್ದವಳು ಧನ್ಯಾ ಒಬ್ಬಳೇ. ಅವಳಿಗೆ ಭಯವೂ ಆಯಿತು, ಕಿವಿಯೂ ಬಿಸಿಯಾಯಿತು, ಒಳಗೊಳಗೇ ಹೇಳತೀರದ ಸಂತೋಷವೂ ಆಯಿತು. ಪೇಟ ಕಳಚಿ ಸಾಹೇಬರ ಕೈಗೇ ಕೊಟ್ಟು, ಕುರ್ಚಿ ತಿರುಗಿಸಿದಳು.

ಹಿತ್ತಲಿನ ಬಾಗಿಲಿಗೆ ಬಂದಾಗ ಎಲ್ಲರಿಗೂ ಮೆಟ್ಟಿಲು ಕಾಣಿಸಿತು. ಅವು ಶಾಲೆ ಕಟ್ಟಿದ ಕಾಲದಿಂದ ಅಲ್ಲೇ ಇದ್ದವು, ಮೇಷ್ಟ್ರು ದಿನಾ ಹತ್ತಿ ಇಳಿಯುತ್ತಿದ್ದರು. ಆದರೆ ಅವರ ಕಣ್ಣಿಗೆ ಬಿದ್ದದ್ದು ಅಂದೇ. ಕೆಳಗೆ ತೆಂಗಿನ ಸಸಿಗಳು, ಅವುಗಳಾಚೆ ಖೋ ಖೋ ಅಂಕಣ, ಪಕ್ಕದಲ್ಲಿ ಮಕ್ಕಳು ಗುಂಪು ಕೂಡುವ ಕಲ್ಲುಬೆಂಚು. ಶಾಲೆಯ ಅರ್ಧ ಬದುಕು ನಡೆಯುತ್ತಿದ್ದದ್ದು ಅಲ್ಲಿ. 'ಎಲ್ಲರ ಶಾಲೆ' ಕಟ್ಟಿಸಿದ ಒಂದೇ ಒಂದು ಇಳಿಜಾರು ವೇದಿಕೆಗೆ ಹೋಗಿ ಮುಗಿಯುತ್ತಿತ್ತು.

"ಯೋಜನೆಯಲ್ಲಿ ಇದು ಸೇರಿಲ್ವಾ?" ಎಂದು ಹಿಂದೆ ಬಂದಿದ್ದ ಸಾಹೇಬರು ಕೇಳಿದರು.

"ಸೇರಿರಲಿಲ್ಲ ಸಾರ್" ಎಂದರು ಮೇಷ್ಟ್ರು. ಮೆಟ್ಟಿಲನ್ನು ಇನ್ನೊಮ್ಮೆ ನೋಡಿದರು. ಇನ್ನೇನು ಶಿಕ್ಷೆ ಮಾಫಿ ಎನ್ನುತ್ತಾರೆಂದು ಧನ್ಯಾ ಹೆದರಿದಳು. ಮೇಷ್ಟ್ರು ಚಲುವಯ್ಯನನ್ನು ಕೂಗಿದರು. "ವೇದಿಕೆ ಹಲಗೆ ಕಿತ್ತು ತಗೊಂಡು ಬಾ. ಇಲ್ಲಿ ಹಾಸು. ಸೋಮವಾರ ಗಾರೆ ಕೆಲಸದವರಿಗೆ ಬರೋಕೆ ಹೇಳು."

ಸಾಹೇಬರು ಕೂತಿದ್ದ ಹಲಗೆಗಳು ಮೆಟ್ಟಿಲಿನ ಮೇಲೆ ಬಂದವು. ಕುರ್ಚಿ ಇಳಿಸಲು ಡ್ರಿಲ್ ಮೇಷ್ಟ್ರು ಕೈಹಾಕುವಷ್ಟರಲ್ಲಿ ಹಿಂದಿನ ಹಿಡಿ ಇನ್ಯಾರದೋ ಕೈಗೆ ಸಿಕ್ಕಿತ್ತು.

"ಗಟ್ಟಿಯಾಗ್ ಇಡ್ಕೊ. ಬಿದ್ರೆ ಅದ್ಕೂ ನಂಗೇ ಬೈತಾರೆ" ಎಂದಳು ನಿಧಿ.

ನೀರು ಹೊರುವುದು ಕೇಳಿದಷ್ಟು ಸುಖದ ಕೆಲಸವಾಗಿರಲಿಲ್ಲ. ಗಾಲಿ ಕೆಸರಿಗೆ ಹೂತಿತು, ಬಿಂದಿಗೆ ತುಳುಕಿ ಲಂಗ ಒದ್ದೆಯಾಯಿತು, ಅಂಗೈ ಕೆಂಪಾಯಿತು. ನಿಧಿ ಕಲ್ಲುಬೆಂಚಿನ ಮೇಲೆ ಕೂತು ಸೀಬೆಕಾಯಿ ಕಚ್ಚುತ್ತಾ, ಅಲ್ಲಿ ಸರಿಯಾಗಿ ಬೀಳಲಿಲ್ಲ, ಇಲ್ಲಿ ಹಾಕು ಎಂದು ದರ್ಬಾರು ಮಾಡಿದಳು. ಸಹಾಯ ಮಾಡಲಿಲ್ಲ. ಅರ್ಧ ಸೀಬೆಕಾಯಿ ಮಾತ್ರ ಕೊಟ್ಟಳು.

ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ವ್ಯಾನು ನಿಂತಿತ್ತು. ತಂಡದ ಜೊತೆಗೆ, ಕೂಗಿ ಹುರಿದುಂಬಿಸಲು ಇಡೀ ಒಂಬತ್ತನೇ ಕ್ಲಾಸು ಹೊರಟಿತ್ತು. ನಿಧಿ ಹತ್ತಿದವಳು ಮತ್ತೆ ಇಳಿದು ಮೇಷ್ಟ್ರ ಮುಂದೆ ಬಂದು ನಿಂತಳು.

"ಸಾ, ಧನ್ಯಾನೂ ಬರ್ಲಿ ಸಾ. ಅವ್ಳು ನನ್ ಆಟ ಒಂದ್ಸಲಾನೂ ನೋಡಿಲ್ಲ."

"ಅವಳಿಗೆ ಇವತ್ತು ಶಿಕ್ಷೆ ಇದೆ" ಎಂದರು ಮೇಷ್ಟ್ರು.

ಧನ್ಯಾಳಿಗೆ ಶನಿವಾರದ ಶಿಕ್ಷೆ ಎಂದರೆ ಏನು ಎಂಬುದು ಹೊಳೆದದ್ದು ಆಗ. ಕುರ್ಚಿ ಉರುಳಿಸಿಕೊಂಡು ಮುಂದೆ ಬಂದಳು. "ಸಾ, ಇದೊಂದ್ ಸಲ ಸಾ. ಸೋಮವಾರ ಎಲ್ಡ್ರಷ್ಟು ನೀರಾಕ್ತೀನಿ" ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡಳು. ಆ ಕಣ್ಣೀರಿಗೆ ಇದುವರೆಗೆ ಆ ಶಾಲೆಯಲ್ಲಿ ಕರಗದವರಿರಲಿಲ್ಲ. ಈಗ ಪಾಪ ಎನ್ನುತ್ತಾರೆ, ತಲೆ ಸವರುತ್ತಾರೆ, ವ್ಯಾನು ಹತ್ತಿಸಿ ಎನ್ನುತ್ತಾರೆ ಎಂದು ಅವಳು ಕಾದಳು.

"ಇಲ್ಲ" ಎಂದರು ಮೇಷ್ಟ್ರು. "ಬುಧವಾರ ನಿಧಿ ಹೋಗೋ ಹಾಗಿಲ್ಲ ಅಂದಾಗ ಅವಳಿಗೆ ಹೇಗಾಗಿತ್ತೋ ಈಗ ನಿನಗೂ ಹಾಗೇ ಆಗುತ್ತೆ. ನಡಿ, ಬಿಂದಿಗೆ ತಗೊ."

ವ್ಯಾನು ಹೊರಟಿತು. ಧನ್ಯಾ ಹಲಗೆಯ ಮೇಲಿನಿಂದ ಹಿತ್ತಲಿಗೆ ಇಳಿದು, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಜೋರಾಗಿ ಅತ್ತಳು. ಈ ಸಲದ ಅಳು ನಿಜವಾದದ್ದು. ಮೇಷ್ಟ್ರ ಮೇಲೆ ಅವಳಿಗೆ ಕೆಂಡದಂಥ ಕೋಪ ಬಂದಿತ್ತು, ಬಾಯಿಗೆ ಬಂದದ್ದೆಲ್ಲ ಬೈದುಕೊಂಡಳು, ಶಿಕ್ಷೆಗೆ ಒಳಗಾದ ಯಾವ ಹುಡುಗಿಯಾದರೂ ಬೈದುಕೊಳ್ಳುವ ಹಾಗೆ. ಮೇಷ್ಟ್ರು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಆದರೆ ತಿರುಗಿ ನೋಡಲಿಲ್ಲ. ಬಿಂದಿಗೆ ತುಂಬಿತು. ಧನ್ಯಾ ಮೂಗು ಒರೆಸಿಕೊಂಡು ಅದನ್ನು ಮಡಿಲಿಗೆ ಎತ್ತಿಕೊಂಡಳು.